ಕೋಟೆ ಗೋಡೆಗೆ ಮಳೆಯ ಅಪಾಯ: ಉಪಗ್ರಹದಿಂದ ನಿಜವಾಗಿ ಎಷ್ಟು ತಿಳಿಯುತ್ತದೆ?

ಪ್ರಶ್ನೆ: ಬುರುಜನಹಟ್ಟಿ ಮೇಷ್ಟ್ರು

ನಮಸ್ಕಾರ. ಉಪಗ್ರಹ ಚಿತ್ರಗಳ ಕೆಲಸ ಬಲ್ಲವರೂ ಹಳೆಯ ಕಟ್ಟಡಗಳ ಕೆಲಸ ಬಲ್ಲವರೂ ಇಲ್ಲಿದ್ದಾರೆ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ನಾನು ಚಿತ್ರದುರ್ಗದ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸಮಾಜ ವಿಜ್ಞಾನ ಕಲಿಸುತ್ತಿದ್ದೆ.

ಇತ್ತೀಚೆಗೆ ನಮ್ಮೂರಿನಲ್ಲಿ ಹವಾಮಾನ ಬದಲಾವಣೆ ಮತ್ತು ಸ್ಮಾರಕಗಳ ಕುರಿತು ಒಂದು ಸಭೆ ನಡೆಯಿತು. ಹೊರಗಿನಿಂದ ಬಂದಿದ್ದ ಸಲಹೆಗಾರರೊಬ್ಬರು ಪರದೆಯ ಮೇಲೆ ನಕ್ಷೆಯೊಂದನ್ನು ತೋರಿಸಿದರು. ಬೆಟ್ಟಸಾಲು ಪೂರ್ತಿ ಕೆಂಪು, ಊರಿನ ಅರ್ಧ ಭಾಗ ಕಿತ್ತಳೆ, ಅದರಾಚೆ ಹಸಿರು. ‘ಉಪಗ್ರಹ ಆಧಾರಿತ ಅಪಾಯ ನಕ್ಷೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಚಪ್ಪಾಳೆ ಬಿತ್ತು. ನಾನು ಎದ್ದು, “ನಮ್ಮ ಏಳು ಸುತ್ತಿನ ಕೋಟೆಯಲ್ಲಿ ಮೊದಲು ಬೀಳುವ ಗೋಡೆ ಯಾವುದು?” ಎಂದು ಕೇಳಿದೆ. ಅವರು ನಕ್ಕು, ಅದು ಮುಂದಿನ ಹಂತದ ಅಧ್ಯಯನ ಎಂದರು. ಆಯುಷ್ಯದ ಬಹುಪಾಲು ಉತ್ತರಪತ್ರಿಕೆ ತಿದ್ದಿದವನಿಗೆ ಆ ನಗುವಿನ ಪರಿಚಯ ಚೆನ್ನಾಗಿದೆ.

ಕೋಟೆಯ ಗೋಡೆ ಎಂದರೆ ಒಂದೇ ಬಗೆಯ ಗೋಡೆಯಲ್ಲ. ದೊಡ್ಡ ಗೋಡೆಗಳಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದಾರೆ. ಗೋಡೆಯ ಮೇಲ್ತುದಿಯ ತೆನೆಗಳಲ್ಲಿ ಕೆಲವೆಡೆ ಇಟ್ಟಿಗೆ, ಸುಣ್ಣ. ಮೇಲೆ ಅರಮನೆಯಿದ್ದ ಬಯಲಿನಲ್ಲಿ ಎತ್ತರದ ಮಣ್ಣಿನ ಗೋಡೆಗಳು ಉಳಿದಿವೆ. ಒಂದೇ ಮಳೆ ಈ ಮೂರಕ್ಕೂ ಮೂರು ರೀತಿಯಲ್ಲಿ ತಾಗುತ್ತದೆ. ಹೈದರಾಲಿ ಕೋಟೆ ಹಿಡಿದದ್ದು 1779ರಲ್ಲಿ. ಅಲ್ಲಿಂದೀಚೆಗೆ ಸೂರಿಲ್ಲದ ಮಣ್ಣಿನ ಗೋಡೆ ನಿಂತೇ ಇದೆಯೆಂದರೆ ಅದಕ್ಕೆ ಮುಖ್ಯ ಕಾರಣ ಇದು ಮಳೆ ಕಡಿಮೆಯ ಸೀಮೆ ಎಂಬುದು. ಜಿಲ್ಲೆಯ ಸರಾಸರಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ನಾಲ್ಕು ತಿಂಗಳಿಗೆ ಹಂಚಿ ಬೀಳಬೇಕಾದ ಮಳೆ ನಾಲ್ಕು ಸಂಜೆಗಳಲ್ಲಿ ಸುರಿದರೂ ಸರಾಸರಿ ಅಷ್ಟೇ ಇರುತ್ತದೆ. ಗೋಡೆ ಅಷ್ಟೇ ಇರುತ್ತದೆಯೇ?

ಇನ್ನೊಂದು ಸಂಗತಿ. ನಾಯಕರ ಕಾಲದವರು ನೀರಿನ ಲೆಕ್ಕ ಬಲ್ಲವರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದಿಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆಹೊಂಡಕ್ಕೆ. ಬೆಟ್ಟದ ನೀರಿಗೆ ಒಂದು ದಾರಿ ಇತ್ತು. ಆ ದಾರಿಗೆ ಹೂಳೋ ಕಸವೋ ಹೊಸ ಕಾಂಕ್ರೀಟೋ ಅಡ್ಡ ಬಂದರೆ ನೀರು ಗೋಡೆಯ ಬೆನ್ನಿಗೆ ಬಂದು ನಿಲ್ಲುತ್ತದೆ. ಉಪಗ್ರಹ ಇದನ್ನು ಕಾಣಬಲ್ಲದೇ?

ಕೋಟೆ, ಚಂದ್ರವಳ್ಳಿ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಬಂಡೆ, ಪಕ್ಕದ ಜಿಲ್ಲೆಯ ಸಂತೇಬೆನ್ನೂರು ಪುಷ್ಕರಣಿ, ಹರಿಹರದ ದೇವಸ್ಥಾನ, ಇವಿಷ್ಟರ ಬಗ್ಗೆ ಒಂದು ಟಿಪ್ಪಣಿ ಬರೆದುಕೊಡಿ ಎಂದು ನಮ್ಮ ಗುಂಪನ್ನು ಕೇಳಿದ್ದಾರೆ. ಗುಂಪು ಎಂದರೆ ನಾನು, ನನ್ನಂಥ ಒಂದಿಬ್ಬರು ನಿವೃತ್ತರು, ಭೂಗೋಳ ಓದುವ ಕೆಲವು ಪದವಿ ವಿದ್ಯಾರ್ಥಿಗಳು. ಹಣವಿಲ್ಲ, ಉಚಿತವಾಗಿ ಸಿಗುವ ದತ್ತಾಂಶವೇ ಗತಿ. ಕೆಂಪು ಬಳಿಯಲು ನಮಗೂ ಬರುತ್ತದೆ, ಅದು ಬೇಡ. ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಅದನ್ನು ಹೇಳಿ.

ಉತ್ತರ: ಹತ್ತು ಮೀಟರ್

ಮೇಷ್ಟ್ರೇ, ನನ್ನ ತವರು ದಾವಣಗೆರೆ, ಹೊಟ್ಟೆಪಾಡು ಉಪಗ್ರಹ ಚಿತ್ರಗಳದು. ಅಂಥ ಕೆಂಪು ನಕ್ಷೆಗಳು ಹೇಗೆ ತಯಾರಾಗುತ್ತವೆ ಎಂಬುದನ್ನು ಒಳಗಿನಿಂದ ಬಲ್ಲೆ.

ಇಳಿಜಾರಿನ ಒಂದು ಪದರ, ಹಳ್ಳದಿಂದ ಎಷ್ಟು ದೂರ ಎಂಬ ಒಂದು ಪದರ, ಮಳೆಯದೊಂದು, ಭೂಬಳಕೆಯದೊಂದು. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಕೂತವರೇ ನಿರ್ಧರಿಸುತ್ತಾರೆ. ಕೂಡಿಸಿದರೆ ಬಣ್ಣ ಬರುತ್ತದೆ. ಇಳಿಜಾರಿನ ಲೆಕ್ಕ ಸಾಮಾನ್ಯವಾಗಿ ನೆಲದ ಎತ್ತರವನ್ನು 30 ಮೀಟರಿನ ಚೌಕಗಳಲ್ಲಿ ಹೇಳುವ ಮಾದರಿಯಿಂದ ಬಂದಿರುತ್ತದೆ. ಇಸ್ರೊದ ಭುವನ್ ಪೋರ್ಟಲಿನಲ್ಲಿ ಉಚಿತವಾಗಿ ಸಿಗುವ ಕಾರ್ಟೋಸ್ಯಾಟ್-1ರ ಮಾದರಿಯೂ ಅಷ್ಟೇ. ಅಂದರೆ 900 ಚದರ ಮೀಟರಿಗೆ ಒಂದೇ ಅಂಕಿ. ಆ ಚೌಕದೊಳಗೆ ಗೋಡೆ, ಕಂದಕ, ಬಂಡೆ, ಮರ ಎಲ್ಲ ಕಲಸಿಹೋಗಿರುತ್ತವೆ. ತರಗತಿಯ ಸರಾಸರಿ ಅಂಕ ನೋಡಿ ಕೊನೆಯ ಬೆಂಚಿನ ಹುಡುಗ ಪಾಸೋ ಫೇಲೋ ಹೇಳಿದ ಹಾಗೆ. ನಿಮ್ಮ ಬೆಟ್ಟ ಕೆಂಪಾಗಿರುವುದಕ್ಕೆ ಅದು ಬೆಟ್ಟವಾಗಿರುವುದೇ ದೊಡ್ಡ ಕಾರಣವಿದ್ದೀತು.

ಅಪಾಯ ಎನ್ನುವುದನ್ನು ಮೂರು ತುಂಡು ಮಾಡಿಕೊಳ್ಳಿ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ವರದಿಗಳೂ ಹೀಗೆಯೇ ಬಿಡಿಸುತ್ತವೆ. ಮೇಲೆರಗುವುದು ಏನು: ಬಿರುಮಳೆಯೋ, ನೆರೆಯೋ, ಬಿಸಿಲೋ. ಅದಕ್ಕೆ ಸಿಕ್ಕುವ ಜಾಗದಲ್ಲಿ ಏನಿದೆ. ಹಾಗೆ ಸಿಕ್ಕಿದ್ದು ಎಷ್ಟು ದುರ್ಬಲವಾಗಿದೆ. ಮೊದಲನೆಯದಕ್ಕೆ ಉಪಗ್ರಹ ಒಳ್ಳೆಯ ಸಾಕ್ಷಿ, ಎರಡನೆಯದಕ್ಕೆ ಅರ್ಧ ಸಾಕ್ಷಿ. ಮೂರನೆಯದರ ಬಗ್ಗೆ ಅದು ಹೆಚ್ಚುಕಡಿಮೆ ಬಾಯಿ ಬಿಡುವುದೇ ಇಲ್ಲ. ನೀವು ಸಭೆಯಲ್ಲಿ ಕೇಳಿದ್ದು ಮೂರನೆಯದನ್ನು, ಅವರು ತೋರಿಸಿದ್ದು ಮೊದಲೆರಡನ್ನು.

ಮಳೆಯಿಂದ ಶುರು ಮಾಡೋಣ. ಭಾರತೀಯ ಹವಾಮಾನ ಇಲಾಖೆಯ ಚೌಕವಾರು ಮಳೆ ದತ್ತಾಂಶ 1901ರಿಂದ ಇದೆ. ಮಳೆಮಾಪಕಗಳಿಂದ ಕಟ್ಟಿದ್ದು, ಒಂದು ಚೌಕ ಕಾಲು ಡಿಗ್ರಿ, ಎಂದರೆ ಸುಮಾರು 27 ಕಿಲೋಮೀಟರ್. ಉಪಗ್ರಹವನ್ನೂ ನೆಲದ ಮಾಪಕವನ್ನೂ ಬೆರೆಸಿ ಮಾಡಿದ ಚಿರ್ಪ್ಸ್ 1981ರಿಂದ ಸಿಗುತ್ತದೆ, ಚೌಕ ಸುಮಾರು 5 ಕಿಲೋಮೀಟರ್. ಮಳೆ ಅಳೆಯುವ ಜಿಪಿಎಂ ಉಪಗ್ರಹ ಸಮೂಹದ ಐಮರ್ಗ್ ದತ್ತಾಂಶ ಅರ್ಧ ಗಂಟೆಗೊಮ್ಮೆ ಅಂಕಿ ಕೊಡುತ್ತದೆ, ಚೌಕ ಸುಮಾರು 11 ಕಿಲೋಮೀಟರ್. ಇವು ಯಾವುವೂ ಕೋಟೆಯ ಮೇಲಷ್ಟೇ ಸುರಿದ ಸಂಜೆಯ ಮಳೆಯನ್ನು ಸರಿಯಾಗಿ ಹಿಡಿಯುವುದಿಲ್ಲ, ಅಕ್ಕಪಕ್ಕದ ಒಣ ನೆಲದೊಂದಿಗೆ ಹಂಚಿ ತೆಳುವಾಗಿಸಿಬಿಡುತ್ತವೆ. ಅದಕ್ಕೆ ನಮ್ಮ ರಾಜ್ಯದಲ್ಲೊಂದು ಉಪಾಯವಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. 15 ನಿಮಿಷದ ಲೆಕ್ಕವೂ ಇರುತ್ತದೆ. ಇತ್ತೀಚಿನ ವರ್ಷಗಳಿಗೆ ಅದನ್ನು ಕೇಳಿ ಪಡೆಯಿರಿ, ಹಿಂದಿನ ದಶಕಗಳಿಗೆ ಚೌಕವಾರು ದತ್ತಾಂಶ ನೋಡಿ. ವಾರ್ಷಿಕ ಮೊತ್ತದ ಗೆರೆ ಎಳೆಯಬೇಡಿ, ಅದರಿಂದ ಗೋಡೆಗೆ ಏನೂ ತಿಳಿಯುವುದಿಲ್ಲ. ಒಂದು ದಿನದ ಅತಿ ಹೆಚ್ಚು ಮಳೆ, ಒಂದು ಗಂಟೆಯ ಅತಿ ಹೆಚ್ಚು ಮಳೆ, ಬಹುದಿನ ಒಣಗಿದ ಮೇಲೆ ಹಠಾತ್ತನೆ ಬಂದ ಮಳೆ, ಈ ಮೂರನ್ನು ನೋಡಿ. ಮಣ್ಣಿನ ಗೋಡೆಗೆ ಕೊನೆಯದೇ ಹೆಚ್ಚು ಕೆಟ್ಟದ್ದು. ಒಣಗಿ ಬಿರಿದ ಸೀಳಿನೊಳಕ್ಕೆ ನೀರು ನೇರವಾಗಿ ಇಳಿಯುತ್ತದೆ.

ಇನ್ನು ಹೊಂಡಗಳು. ಯುರೋಪಿನ ಸೆಂಟಿನೆಲ್-2 ಚಿತ್ರಗಳು 2015ರಿಂದ ಉಚಿತವಾಗಿ ಸಿಗುತ್ತವೆ, ಪಿಕ್ಸೆಲ್, ಎಂದರೆ ಚಿತ್ರದ ಒಂದು ಚುಕ್ಕಿ, 10 ಮೀಟರ್ (ನನ್ನ ಹೆಸರು ಅಲ್ಲಿಂದಲೇ ಬಂದಿದೆ), ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ. ಸಂತೆಹೊಂಡಕ್ಕೆ, ಸಂತೇಬೆನ್ನೂರು ಪುಷ್ಕರಣಿಗೆ ಸಾಕಷ್ಟು ಪಿಕ್ಸೆಲ್ ಬೀಳುತ್ತವೆ. ಮೇಲಿನ ಚಿಕ್ಕ ಹೊಂಡಗಳಿಗೆ ಬೆರಳೆಣಿಕೆಯವು, ಅಂಚಿನವು ಅರ್ಧ ನೀರು ಅರ್ಧ ಕಲ್ಲು. ಮಳೆಗಾಲದಲ್ಲಿ ಮೋಡ ಅಡ್ಡ, ಬೇಕಾದ ದಿನವೇ ಚಿತ್ರವಿರುವುದಿಲ್ಲ. ಪಾಚಿ ಕಟ್ಟಿದ ನೀರು ಹುಲ್ಲಿನಂತೆ ಕಾಣಿಸುತ್ತದೆ. ಇಷ್ಟೆಲ್ಲ ತೊಡಕಿದ್ದರೂ ನಿಮ್ಮ ಪ್ರಶ್ನೆಗೆ ಇಲ್ಲೊಂದು ಸುಳಿವಿದೆ. ಜೋರು ಮಳೆಯಾದ ಮೇಲೆ ಮೇಲಿನ ಹೊಂಡ ತುಂಬಿ ಹರಿದಿದೆ, ಕೆಳಗಿನದು ತುಂಬಿಲ್ಲ ಎಂದಾದರೆ ನೀರು ನಡುವೆ ಎಲ್ಲೋ ದಾರಿ ಬಿಟ್ಟಿದೆ. ಮೇಲಿನದಕ್ಕೆ ವಿದ್ಯಾರ್ಥಿಯೊಬ್ಬನ ಮೊಬೈಲ್ ಚಿತ್ರ, ಕೆಳಗಿನದಕ್ಕೆ ಉಪಗ್ರಹ. ಎರಡನ್ನೂ ದಿನಾಂಕವಾರು ಒಂದೇ ಹಾಳೆಯಲ್ಲಿಡಿ.

ಗಿಡಮರಗಳ ವಿಷಯದಲ್ಲಂತೂ ಉಪಗ್ರಹವನ್ನು ಧಾರಾಳವಾಗಿ ನಂಬಬಹುದು. ಮಾರ್ಚ್-ಏಪ್ರಿಲ್ ಚಿತ್ರ ತೆಗೆದುಕೊಳ್ಳಿ. ಹುಲ್ಲೆಲ್ಲ ಒಣಗಿರುತ್ತದೆ. ಆಗಲೂ ಗೋಡೆಯ ಗೆರೆಯುದ್ದಕ್ಕೆ ಹಸಿರು ಕಂಡರೆ ಒಂದೋ ಅಲ್ಲಿ ಬೇರಿಳಿದ ಮರವಿದೆ, ಇಲ್ಲವೇ ಒಳಗೆ ತೇವ ನಿಂತಿದೆ. ಎರಡೂ ನಿಮಗೆ ಬೇಕಾದ ಸುದ್ದಿಯೇ. ಹಲವು ವರ್ಷಗಳ ಮಾರ್ಚ್ ಚಿತ್ರಗಳನ್ನು ಹೋಲಿಸಿದರೆ ಹಸಿರು ಎಲ್ಲಿ ಹೊಸದಾಗಿ ಬಂದಿದೆ ಎಂಬುದೂ ತಿಳಿಯುತ್ತದೆ.

ಬಿಸಿಲಿನ ವಿಷಯ ಚಿಕ್ಕದು. ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್ ನೆಲದ ಉಷ್ಣತೆ ಅಳೆಯುತ್ತದೆ, ಆದರೆ ಹಾಯುವುದು ಬೆಳಗಿನ ಹೊತ್ತು, ಮೂಲ ಪಿಕ್ಸೆಲ್ 100 ಮೀಟರ್. ಬ್ರಹ್ಮಗಿರಿಯ ಒಂದು ಬಂಡೆಯ ಮಧ್ಯಾಹ್ನದ ಬಿಸಿಗೆ ಅದು ಉತ್ತರ ಕೊಡದು. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು.

ರೇಡಾರ್ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಯುರೋಪಿನದೇ ಇನ್ನೊಂದು ಉಪಗ್ರಹ ಸೆಂಟಿನೆಲ್-1 ಸುಮಾರು 5.6 ಸೆಂಟಿಮೀಟರ್ ಉದ್ದದ ರೇಡಾರ್ ಅಲೆ ಕಳಿಸಿ ಪ್ರತಿಫಲನ ಕೇಳುತ್ತದೆ. 12 ದಿನ ಬಿಟ್ಟು ಅದೇ ಕಕ್ಷೆಗೆ ಬಂದು ಮತ್ತೆ ಕೇಳುತ್ತದೆ. ಎರಡು ಸಲದ ಅಲೆಗಳ ಹಂತದ (ಏರಿಳಿತದಲ್ಲಿ ಅಲೆ ಯಾವ ಘಟ್ಟದಲ್ಲಿದೆ ಎಂಬುದರ) ವ್ಯತ್ಯಾಸದಿಂದ ನೆಲ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತಾರೆ. ಬಹಳಷ್ಟು ಚಿತ್ರಗಳನ್ನು ಸಾಲಾಗಿ ಇಟ್ಟರೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಚಲನೆಯೂ ಸಿಗುತ್ತದೆ. ಯುರೋಪಿನಲ್ಲಿ ಪ್ರೊಥೆಗೊ ಎಂಬ ಯೋಜನೆಯಡಿ ಯುನೆಸ್ಕೊ ಪಟ್ಟಿಯ ತಾಣಗಳ ನೆಲದ ಚಲನೆಯನ್ನು ಹೀಗೆಯೇ ನೋಡಿದರು. ಆದರೆ ಚಿತ್ರದುರ್ಗದಲ್ಲಿ ಗುಂಡುಬಂಡೆಗಳ ಕಡಿದಾದ ಬೆಟ್ಟ. ರೇಡಾರ್ ಓರೆಯಾಗಿ ನೋಡುವುದರಿಂದ ಮೇಲಿನದು ಕೆಳಗಿನದರ ಮೇಲೆ ಬಿದ್ದಂತೆ ಮಡಚಿಕೊಳ್ಳುತ್ತದೆ, ಇನ್ನು ಕೆಲವು ಮಗ್ಗುಲು ನೆರಳಿಗೆ ಹೋಗುತ್ತವೆ. ಪೊದೆ ಬೆಳೆದ ಕಡೆ ಪ್ರತಿಫಲನ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಹೀಗಾಗಿ ಗೋಡೆಯ ನಿಧಾನದ ವಾಲುವಿಕೆ ಅದೃಷ್ಟವಿದ್ದರೆ ಸಿಗಬಹುದು. ಒಂದೇ ರಾತ್ರಿಯಲ್ಲಿ ಕುಸಿಯುವುದಕ್ಕೆ ಅದು ಮುನ್ಸೂಚನೆ ಕೊಡುವುದಿಲ್ಲ.

ಉತ್ತರ: ಬೆಣೆಕಲ್ಲು

ನಾನು ಓದಿದವನಲ್ಲ, ಕಲ್ಲಿನ ಕೆಲಸದವನು. ಹಳೆಯ ಗುಡಿ, ಕೋಟೆಗಳ ದುರಸ್ತಿಯಲ್ಲಿ ಮೇಸ್ತ್ರಿಯಾಗಿ ದುಡಿದಿದ್ದೇನೆ. ಮೇಡಂ ಹೇಳಿದ್ದರಲ್ಲಿ ಅರ್ಧ ಅರ್ಥವಾಯಿತು, ಆ ಅರ್ಧ ಸರಿಯಾಗಿದೆ.

ಮೇಷ್ಟ್ರೇ, ಮುಂದಿನಿಂದ ಹೊಡೆಯುವ ಮಳೆಗೆ ಕಲ್ಲಿನ ಗೋಡೆ ಬೀಳುವುದಿಲ್ಲ. ಹಿಂದಿನಿಂದ ಬೀಳುತ್ತದೆ. ಹೊರಗೆ ಒಂದು ಮೈ ದೊಡ್ಡ ಕಲ್ಲು, ಒಳಗೆ ಒಂದು ಮೈ, ನಡುವೆ ಮಣ್ಣು ಮತ್ತು ಚೂರುಕಲ್ಲು. ಮೇಲುಗಡೆ ಮುಚ್ಚಿಗೆ ಹೋದರೆ ನೀರು ನಡುವಿಗೆ ಇಳಿಯುತ್ತದೆ. ಮಣ್ಣು ಉಬ್ಬುತ್ತದೆ. ಗಾರೆಯಿಲ್ಲದ ಗೋಡೆಯಾದರೆ ಸಂದಿನಿಂದ ನೀರು ಹೊರಗೆ ಬಂದುಬಿಡುತ್ತದೆ, ಕಟ್ಟಿದವರು ಅದಕ್ಕೇ ಹಾಗೆ ಬಿಟ್ಟಿದ್ದಾರೆ. ಆಮೇಲೆ ಯಾರೋ ಬಂದು ಚೆಂದ ಕಾಣಲಿ ಎಂದು ಸಂದಿಗೆ ಸಿಮೆಂಟ್ ತುಂಬುತ್ತಾರೆ. ನೀರಿಗೆ ಬಾಗಿಲು ಹಾಕಿದಂತಾಯಿತು. ಗೋಡೆ ಹೊಟ್ಟೆ ಬಿಡುತ್ತದೆ. ಹೊಟ್ಟೆ ಬಿಟ್ಟ ಗೋಡೆಯಿಂದ ಮೊದಲು ಉದುರುವುದು ಚಿಕ್ಕ ಬೆಣೆಗಳು. ಬುಡದಲ್ಲಿ ಹೊಸದಾಗಿ ಬೆಣೆಕಲ್ಲು ಬಿದ್ದಿದ್ದರೆ ಆ ಜಾಗವನ್ನು ಮೊದಲು ಬರೆದುಕೊಳ್ಳಿ.

ಮಣ್ಣಿನ ಗೋಡೆ ಬೇರೆ ಕಥೆ. ಅದರ ತಲೆ ಮತ್ತು ಕಾಲು ನೋಡಿ. ತಲೆಯ ಮೇಲೆ ನೀರು ನಿಲ್ಲಬಾರದು, ಕಾಲಿನ ಹತ್ತಿರ ನೀರು ಹರಿಯಬಾರದು. ಸಿಡಿಯುವ ಹನಿ ಬುಡವನ್ನು ತಿನ್ನುತ್ತದೆ, ಮೇಲಿನ ಭಾರ ಹಾಗೇ ಇರುತ್ತದೆ. ಬೀಳುವಾಗ ಒಂದೇ ಸಲ ಬೀಳುತ್ತದೆ. ಹಸಿ ಇರುವಾಗ ನಿಂತು, ಬಿಸಿಲು ಬಂದು ಒಣಗುವಾಗ ಬಿದ್ದದ್ದನ್ನೂ ಕಂಡಿದ್ದೇನೆ. ಆದ್ದರಿಂದ ಮಳೆ ನಿಂತಿತು, ಗಂಡಾಂತರ ಕಳೆಯಿತು ಎಂದುಕೊಂಡು ಮಕ್ಕಳನ್ನು ಹತ್ತಿರ ಬಿಡಬೇಡಿ.

ಬಿರುಕಿಗೆ ನಾವು ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುತ್ತೇವೆ. ಗೋಡೆ ಸರಿದರೆ ಗಾಜು ಸೀಳುತ್ತದೆ. ಅದಕ್ಕೆ ಉಪಗ್ರಹ ಬೇಡ.

ಉತ್ತರ: ಹರಿದ್ರೆಯ ದಡ

ಹರಿಹರದ ಬಗ್ಗೆ ಮಾತ್ರ ಹೇಳುತ್ತೇನೆ, ಅದು ನನ್ನೂರು. ಹರಿಹರೇಶ್ವರ ದೇವಸ್ಥಾನ ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಎಂಟುನೂರು ವರ್ಷದಲ್ಲಿ ಅದು ಕಾಣದ ತುಂಗಭದ್ರೆಯಿಲ್ಲ. ಹಾಗೆಂದು ಮುಂದೆಯೂ ಹಾಗೇ ಎಂದು ಬರೆದುಕೊಡಲು ನಾನು ಒಪ್ಪುವವನಲ್ಲ.

ನಮ್ಮೂರಿಗೆ ನೀರು ಎರಡು ಕಡೆಯಿಂದ ಬರುತ್ತದೆ. ಒಂದು ಹೊಳೆ, ಅದರ ಹಿಂದೆ ಭದ್ರಾ ಮತ್ತು ತುಂಗಾ ಜಲಾಶಯಗಳು. ಭದ್ರೆ ಪೂರ್ಣ ಮಟ್ಟವಾದ 186 ಅಡಿಗೆ ಬಂತು ಎಂದರೆ ಇಲ್ಲಿ ದಡದವರೆಲ್ಲ ಎಚ್ಚರವಾಗುತ್ತಾರೆ. ಇನ್ನೊಂದು ಸೂಳೆಕೆರೆಯಿಂದ ಬರುವ ಹರಿದ್ರಾ, ಊರಿನ ಮಗ್ಗುಲಲ್ಲೇ ಹೊಳೆ ಸೇರುತ್ತದೆ. ಹೊಳೆ ಎತ್ತರದಲ್ಲಿದ್ದರೆ ಹರಿದ್ರೆಗೆ ಹೋಗಲು ಜಾಗವಿಲ್ಲ, ಹಿಂದಕ್ಕೆ ಒತ್ತುತ್ತದೆ. ಅಪಾಯ ನೋಡುವವರು ಸಾಮಾನ್ಯವಾಗಿ ಹೊಳೆಯನ್ನಷ್ಟೇ ನೋಡುತ್ತಾರೆ.

2019ರ ಆಗಸ್ಟ್ ನೆನಪಿರಲಿ. ಆ ವರ್ಷ ಕೆಳಗೆ ತುಂಗಭದ್ರಾ ಜಲಾಶಯದಿಂದ ಬಿಟ್ಟ ನೀರಿಗೆ ಹಂಪಿಯ ಪುರಂದರ ಮಂಟಪ ಮುಳುಗಿತು. ಕವಿದ ಮೋಡದಲ್ಲೂ ರೇಡಾರ್ ಚಿತ್ರ ಸಿಗುತ್ತದೆ, ನೀರು ಕಪ್ಪಾಗಿ ಕಾಣುತ್ತದೆ ಎಂದು ಓದಿ ನಾನೂ ಆ ಆಗಸ್ಟಿನ ಸೆಂಟಿನೆಲ್-1 ಚಿತ್ರಗಳನ್ನು ತೆಗೆದು ನೋಡಿದೆ. ಹೊಲಗದ್ದೆಗೆ ನೀರು ನುಗ್ಗಿದ್ದು ಸ್ಪಷ್ಟ. ಊರೊಳಗೆ ಏನೂ ತಿಳಿಯಲಿಲ್ಲ. ಇದು ಯಾಕೆ ಎಂದು ಹತ್ತು ಮೀಟರ್ ಮೇಡಂ ಹೇಳಬೇಕು.

ಉತ್ತರ: ಹತ್ತು ಮೀಟರ್

ಹರಿದ್ರೆಯ ದಡದವರಿಗೆ: ನಿಂತ ನೀರು ಕನ್ನಡಿಯಂತೆ ರೇಡಾರನ್ನು ಆಚೆಗೆ ತಳ್ಳಿಬಿಡುತ್ತದೆ, ಅದಕ್ಕೇ ಕಪ್ಪು. ಮನೆಗಳ ನಡುವೆ ನೀರು ನಿಂತರೆ ಅಲೆ ನೀರಿಗೆ ತಾಗಿ, ಗೋಡೆಗೆ ತಾಗಿ, ಉಪಗ್ರಹಕ್ಕೇ ಮರಳುತ್ತದೆ, ಆ ಜಾಗ ಇನ್ನೂ ಬೆಳ್ಳಗಾಗುತ್ತದೆ. ದೇವಸ್ಥಾನದ ಪ್ರಾಕಾರದಲ್ಲಿ ನೀರು ಬಂತೇ ಎಂಬುದನ್ನು ಆ ಚಿತ್ರದಿಂದ ಹೇಳಲಾಗದು. ಅಲ್ಲದೆ 12 ದಿನಕ್ಕೊಮ್ಮೆ ಹಾಯುವ ಉಪಗ್ರಹ ನೆರೆಯ ತುದಿಯ ದಿನವೇ ಬರಬೇಕೆಂದಿಲ್ಲ. ಹಳಬರನ್ನು ಕೇಳಿ ಯಾವ ವರ್ಷ ಯಾವ ಮೆಟ್ಟಿಲಿನವರೆಗೆ ನೀರು ಬಂದಿತ್ತು ಎಂದು ಗುರುತು ಮಾಡಿ, ಆ ಎತ್ತರವನ್ನು ಅಳೆಯಿರಿ. ಜಲಾಶಯಗಳಿಂದ ಬಿಟ್ಟ ನೀರಿನ ಲೆಕ್ಕ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಎರಡನ್ನೂ ಜೋಡಿಸಿದರೆ ನನ್ನ ಉಪಗ್ರಹಕ್ಕಿಂತ ಚೆನ್ನಾಗಿರುತ್ತದೆ.

ಬೆಣೆಕಲ್ಲಿನವರೇ, ಗೋಡೆ ಹಿಂದಿನಿಂದ ಬೀಳುತ್ತದೆ ಎಂದಿರಲ್ಲ, ಇಟಲಿಯ ಪಾಂಪೆಯಲ್ಲಿ 2010ರ ನವೆಂಬರಿನಲ್ಲಿ ಗ್ಲಾಡಿಯೇಟರುಗಳ ಮನೆ ಎಂದು ಹೆಸರಾದ ಕಟ್ಟಡ ಬಿದ್ದದ್ದೂ ಜಡಿಮಳೆಯ ನಂತರವೇ. ಹಿಂಬದಿಯ ತೋಯ್ದ ಮಣ್ಣಿನ ಒತ್ತಡ ಅಲ್ಲಿಯೂ ಚರ್ಚೆಗೆ ಬಂತು. ಆಮೇಲೆ ಅಲ್ಲಿ ರೇಡಾರ್ ಉಪಗ್ರಹಗಳನ್ನೂ ನಿಗಾಕ್ಕೆ ಹಚ್ಚಿದರು. ಆದರೆ ಜೊತೆಗೆ ನೀರು ಹರಿದುಹೋಗುವ ಚರಂಡಿ ಕೆಲಸವನ್ನೂ ಮಾಡಿದರು.

ಉತ್ತರ: ಬುರುಜನಹಟ್ಟಿ ಮೇಷ್ಟ್ರು

ಮೂವರಿಗೂ ಕೃತಜ್ಞ. ಸಭೆಯಲ್ಲಿ ತೋರಿಸಿದ ಇನ್ನೊಂದು ಸಂಗತಿ ಬಿಟ್ಟುಹೋಗಿತ್ತು. ವಾಣಿವಿಲಾಸ ಸಾಗರದ ಎರಡು ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಒಂದರಲ್ಲಿ ತಳ, ಇನ್ನೊಂದರಲ್ಲಿ ತುಂಬಿದ ಕೆರೆ. 1933ರ ನಂತರ 2022ರಲ್ಲಿ ಮೊದಲ ಸಲ ಕೋಡಿ ಬಿದ್ದದ್ದನ್ನು ಹವಾಮಾನ ಬದಲಾವಣೆಗೆ ಪುರಾವೆ ಎಂದರು. 2022ರಲ್ಲಿ ಮಳೆ ಜೋರಾಗಿತ್ತು, ನಿಜ. ಆದರೆ ಅದಕ್ಕೆ ಮೊದಲಿನಿಂದಲೂ ಭದ್ರಾ ಮೇಲ್ದಂಡೆ ಯೋಜನೆಯಿಂದ ನೀರೆತ್ತಿ ಆ ಜಲಾಶಯಕ್ಕೆ ಹರಿಸುತ್ತಿದ್ದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಜನವರಿಯಲ್ಲಿ ಯಾವ ಮಳೆ? ಉಪಗ್ರಹಕ್ಕೆ ನೀರು ಕಂಡಿತು, ಪಂಪು ಕಾಣಲಿಲ್ಲ. ಹಿರಿಯೂರಿನ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ.

ಆದ್ದರಿಂದ ಚಂದ್ರವಳ್ಳಿಯ ಕೆರೆಯನ್ನು ನೋಡುವಾಗ ನಮ್ಮ ಹುಡುಗರಿಗೆ ಮೊದಲೇ ಹೇಳಿದ್ದೇನೆ: ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ನೀರಿನ ಹರವು ಕಂಡ ಕೂಡಲೇ ತೀರ್ಪು ಬರೆಯಬೇಡಿ, ಆ ವರ್ಷ ಹೂಳೆತ್ತಿದ್ದರೇ, ತೂಬು ದುರಸ್ತಿಯಾಗಿತ್ತೇ ವಿಚಾರಿಸಿ. ಅಲ್ಲಿನ ಮಯೂರಶರ್ಮನ ಶಾಸನ ಹೇಳುವುದೇ ಕೆರೆ ಕಟ್ಟಿಸಿದ ಸಂಗತಿ. ಕದಂಬರ ಕಾಲದ ಕೆರೆಗೆ ನಮ್ಮ ಕಾಲದ ತಪ್ಪು ಲೆಕ್ಕ ಅಂಟಿಸುವುದು ಬೇಡ.

ಟಿಪ್ಪಣಿ ಹೀಗೆ ಮಾಡೋಣ ಎಂದುಕೊಂಡಿದ್ದೇನೆ. ಐದೂ ತಾಣಗಳನ್ನು ಒಂದೇ ತೂಕದಲ್ಲಿ ತೂಗುವುದಿಲ್ಲ. ಕೋಟೆಯ ಮಣ್ಣಿನ ಗೋಡೆಗಳು ಮತ್ತು ಹೊಂಡಗಳ ನೀರಿನ ದಾರಿ, ಇವೆರಡಕ್ಕೇ ಮುಕ್ಕಾಲು ಜಾಗ. ಪುಷ್ಕರಣಿಗೆ ನೀರಿನ ಮಟ್ಟದ ಏರಿಳಿತ ಮತ್ತು ಮೆಟ್ಟಿಲ ಸಂದಿನ ಗಿಡಗಳು. ಹರಿಹರಕ್ಕೆ ಹಳಬರ ಗುರುತುಗಳು. ಹರಿದ್ರೆಯ ದಡದವರೇ ಬರೆದುಕೊಡಬೇಕು. ಬ್ರಹ್ಮಗಿರಿಗೆ ಎರಡು ಸಾಲು. ಕೋಟೆಯ ಸುತ್ತ ಕಾನೂನಿನ ಪ್ರಕಾರ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವಿದೆಯಲ್ಲ, ಆ ಪಟ್ಟಿಯೊಳಗೆ ಮಣ್ಣಿನ ನೆಲ ಎಷ್ಟು ಕಾಂಕ್ರೀಟಾಗಿದೆ ಎಂಬುದನ್ನು ಹಳೆಯ ಹೊಸ ಚಿತ್ರಗಳಿಂದ ಅಳೆಯಬಹುದು ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು. ಇಂಗುವ ನೆಲ ಕಡಿಮೆಯಾದಷ್ಟೂ ಕಂದಕಕ್ಕೆ ನುಗ್ಗುವ ನೀರು ಹೆಚ್ಚು. ಅವಳಿಗೆ ಪೂರ್ಣ ಅಂಕ.

ಎರಡು ಪ್ರಶ್ನೆ ಉಳಿದಿವೆ. ಗಾಜಿನ ಪಟ್ಟಿಯನ್ನು ನಾವೇ ಅಂಟಿಸಬಹುದೇ? ಮತ್ತು ಕೆಳಗಿನ ಸುತ್ತೊಂದರಲ್ಲಿ ನನ್ನ ಕಣ್ಣಿಗೆ ಹೊಟ್ಟೆ ಬಿಟ್ಟಂತೆ ಕಾಣುವ ಗೋಡೆಯೊಂದಿದೆ. ಅದೊಂದಕ್ಕಾದರೂ ರೇಡಾರ್ ಪ್ರಯತ್ನಿಸಬಹುದೇ? 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹ ಪೊದೆಗಳನ್ನೂ ದಾಟಿ ನೋಡುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ.

ಉತ್ತರ: ಬೆಣೆಕಲ್ಲು

ಅಂಟಿಸಬೇಡಿ. ಸಂರಕ್ಷಿತ ಸ್ಮಾರಕ, ಅನುಮತಿಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಡ್ರೋನ್ ಹಾರಿಸುವುದಕ್ಕೂ ಅನುಮತಿ ಬೇಕು. ಎದುರಿಗೆ ಅಲುಗಾಡದ ಒಂದು ಬಂಡೆ ಆರಿಸಿ, ಅಲ್ಲೇ ನಿಂತು, ಒಂದೇ ಎತ್ತರದಿಂದ, ಗೋಡೆಯ ಪಕ್ಕ ಅಳತೆಕೋಲು ಹಿಡಿಸಿ ತಿಂಗಳಿಗೊಂದು ಚಿತ್ರ ತೆಗೆಯಿರಿ. ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆಯ ಮರುದಿನ. ಗೋಡೆಯ ಬುಡಕ್ಕೆ ಯಾರೂ ಹೋಗಬಾರದು.

ಉತ್ತರ: ಹತ್ತು ಮೀಟರ್

ನಿಸಾರ್‌ನ ಉದ್ದದ ಅಲೆ ಸುಮಾರು 24 ಸೆಂಟಿಮೀಟರ್, ಪೊದೆಯೊಳಗೆ ಸೆಂಟಿನೆಲ್-1ಕ್ಕಿಂತ ಚೆನ್ನಾಗಿ ಇಳಿಯುತ್ತದೆ, ಸರಿ. ಆದರೆ ಮೊದಲು ಒಂದು ವಿಷಯ ಹೇಳಿ: ಆ ಗೋಡೆಯ ಮುಖ ಯಾವ ದಿಕ್ಕಿಗೆ? ಈ ಉಪಗ್ರಹಗಳೆಲ್ಲ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹಾರುತ್ತವೆ, ಮಗ್ಗುಲಿಗೆ ನೋಡುತ್ತವೆ. ಪೂರ್ವಕ್ಕೋ ಪಶ್ಚಿಮಕ್ಕೋ ಸರಿದದ್ದು, ಕುಸಿದದ್ದು ತಿಳಿಯುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಬಹುಪಾಲು ತಿಳಿಯುವುದೇ ಇಲ್ಲ.

ಉತ್ತರ: ಬುರುಜನಹಟ್ಟಿ ಮೇಷ್ಟ್ರು

ದಿಕ್ಸೂಚಿ ಇಟ್ಟು ನೋಡಿ ಬಂದೆ. ಉತ್ತರ. ಸ್ವಲ್ಪವೂ ಆಚೀಚೆ ಇಲ್ಲ.

ಉತ್ತರ: ಹತ್ತು ಮೀಟರ್

ಹಾಗಾದರೆ ಆ ಗೋಡೆಗೆ ರೇಡಾರ್ ಬಿಟ್ಟುಬಿಡಿ, ಅಳತೆಕೋಲಿನ ಚಿತ್ರವೇ ಸರಿ. ಟಿಪ್ಪಣಿಯಲ್ಲಿ ಕಾರಣವನ್ನೂ ಬರೆಯಿರಿ, ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಯಾರಾದರೂ ಅದಕ್ಕೂ ನಕ್ಷೆ ಮಾಡಿ ತರುತ್ತಾರೆ. ಕೋಟೆಯ ಮಾರ್ಚ್ ತಿಂಗಳ ಹಸಿರಿನ ಚಿತ್ರಗಳನ್ನು ವರ್ಷವಾರು ತೆಗೆದು ಈ ವಾರ ಕಳಿಸುತ್ತೇನೆ. ಗೋಡೆಗೆರೆಯ ಮೇಲೆ ಹೊಸ ಹಸಿರು ಬಂದ ಕಡೆಗಳಿಗೆ ಸಂಖ್ಯೆ ಹಾಕಿರುತ್ತೇನೆ. ಯಾವುದು ಅರಳಿ, ಯಾವುದು ಲಂಟಾನ, ಯಾವುದು ಬರೀ ತೇವ ಎಂಬುದನ್ನು ನಿಮ್ಮ ಹುಡುಗರು ಹೋಗಿ ನೋಡಲಿ.

ಉತ್ತರ: ಬೆಣೆಕಲ್ಲು

ಲಂಟಾನ ಇದ್ದರೆ ಚಿಂತೆಯಿಲ್ಲ. ಅರಳಿ, ಆಲ ಇದ್ದರೆ ಹುಡುಗರು ಕಿತ್ತುಬಿಡುವ ಉತ್ಸಾಹ ತೋರಿಸಬಾರದು. ಬೇರು ಒಳಗೆ ಹೊಕ್ಕಿರುತ್ತದೆ, ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಕಾಂಡದ ದಪ್ಪ ಅಳೆದು, ಜಾಗ ಗುರುತು ಮಾಡಿ, ಪುರಾತತ್ವ ಇಲಾಖೆಗೆ ಬರೆದು, ಸ್ವೀಕೃತಿ ತೆಗೆದುಕೊಳ್ಳಿ.